ಮೂಲದಲ್ಲೇ ಕಳುಹಿಸಿದ ಹನ್ನೊಂದು ಚೀಟಿಗಳು

ನೀವು ಯಾರ ಮೇಲೆ ದೂರು ಬರೆದಿರೋ, ಅದೇ ದೂರು ನಿಮ್ಮ ಕೈಬರಹದ ಸಮೇತ ಅವರ ಮೇಜಿನ ಮೇಲೆ ಕೂತಿರುವುದನ್ನು ಯಾವತ್ತಾದರೂ ನೋಡಿದ್ದೀರಾ? ವಾರ್ಡನ್ ಮೇಲೆ ಬರೆದದ್ದು ವಾರ್ಡನ್ ಕೈಗೆ, ಮೇಷ್ಟ್ರ ಮೇಲೆ ಬರೆದದ್ದು ಮೇಷ್ಟ್ರ ಕೈಗೆ? ಆಗಿದ್ದರೆ ಮುಂದೆ ಓದಿ. ಆಗಿಲ್ಲದಿದ್ದರೂ ಓದಿ. ಯಾಕೆಂದರೆ ಈ ಕಥೆಯಲ್ಲಿ ನಾನು ದೂರು ಕೊಟ್ಟವಳಲ್ಲ. ದೂರು ಕೊಡಿ, ಏನೂ ಆಗಲ್ಲ ಅಂತ ಧೈರ್ಯ ಹೇಳಿದವಳು.

ಮೊನ್ನೆ ಪರಿಚಯದವರೊಬ್ಬರು ಒಂದು ವಿಡಿಯೊ ಕಳಿಸಿದ್ದರು. ಯೂರೋಪಿನಲ್ಲಿ ಕಾಗದಪತ್ರ ಸರಿಯಿಲ್ಲದ ವಲಸಿಗರನ್ನು ಕೂಡಿಡುವ ಕೇಂದ್ರಗಳ ಬಗ್ಗೆ. ತಪಾಸಣೆಗೆ ಬಂದವರು ಕೋಟು ಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ಓಡಾಡುತ್ತಾರೆ. ಒಳಗಿರುವವರು ಗೋಡೆಗೆ ಒರಗಿ ಸುಮ್ಮನೆ ನಿಂತಿರುತ್ತಾರೆ. ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದರು: ಅಲ್ಲಿ ನೋಡೋಕೆ ಕೇಳೋಕೆ ಒಂದು ಸಮಿತಿಯಾದರೂ ಇದೆ, ನಮ್ಮಲ್ಲಿ ಏನಿತ್ತು ಅಂತ. ನಮ್ಮಲ್ಲೂ ಇತ್ತು ಸ್ವಾಮಿ. ಅದರ ದೂರು ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು.

ಎಂಬತ್ತರ ದಶಕದ ಮಾತು. ನನಗೆ ಇಪ್ಪತ್ತೆರಡು ವರ್ಷ. ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಬೆರಳಚ್ಚುಗಾರ್ತಿ. ನಮ್ಮದು ಗದಗದ ಕಡೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಯಶವಂತಪುರ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಒಂದು ದಿನ ಕಚೇರಿಯಲ್ಲಿ ಆದೇಶ ಕೈಗಿಟ್ಟರು. ಯಲಹಂಕದ ಆಚೆ ಇರುವ ವಿದೇಶಿಯರ ತಾತ್ಕಾಲಿಕ ವಸತಿಗೃಹಕ್ಕೆ ಒಂದು ಸಂದರ್ಶಕರ ಸಮಿತಿ ಇದೆ, ಅದಕ್ಕೆ ನಾನು ಬರವಣಿಗೆಯವಳು. ಮೂರು ತಿಂಗಳಿಗೊಮ್ಮೆ ಸಮಿತಿಯವರು ಹೋಗಿ ನೋಡಬೇಕು. ಅವರು ಹೇಳಿದ್ದನ್ನು ನಾನು ಬರೆದುಕೊಂಡು ಬಂದು ಟೈಪ್ ಮಾಡಬೇಕು.

ವಸತಿಗೃಹ ಅನ್ನುವುದು ಬೋರ್ಡಿನ ಮೇಲಿನ ಹೆಸರು. ನಾವೆಲ್ಲ ಕ್ಯಾಂಪು ಅನ್ನುತ್ತಿದ್ದೆವು. ವೀಸಾ ಮುಗಿದವರು, ಪಾಸ್‌ಪೋರ್ಟ್ ಕಳಕೊಂಡವರು, ಹಡಗಿನಿಂದ ಇಳಿದು ಇಲ್ಲೇ ಉಳಿದವರು, ಇವರನ್ನೆಲ್ಲ ವಾಪಸ್ ಕಳಿಸುವ ತನಕ ಇಡುವ ಜಾಗ. ಜೈಲಲ್ಲ, ಜೈಲಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಜೈಲಾದರೆ ಬಿಡುಗಡೆಗೆ ಒಂದು ತಾರೀಕಿರುತ್ತದೆ, ಇಲ್ಲಿ ಅದೂ ಇರಲಿಲ್ಲ. ಕಟ್ಟಡ ಮೊದಲು ರೇಷ್ಮೆಹುಳು ಸಾಕುವ ಮನೆಯಾಗಿತ್ತಂತೆ. ಹುಳುಗಳಿಗೆ ಊಜಿ ನೊಣ ಮುತ್ತಬಾರದೆಂದು ಕಿಟಕಿಗಳಿಗೆಲ್ಲ ಸಣ್ಣ ಕಣ್ಣಿನ ಜಾಲರಿ ಬಡಿದಿದ್ದರು. ಹುಳು ಹೋಗಿ ಮನುಷ್ಯರು ಬಂದರು, ಜಾಲರಿ ಹಾಗೇ ಉಳಿಯಿತು.

ಸಮಿತಿಯಲ್ಲಿ ಮೂವರು. ಇಬ್ಬರು ಸದಸ್ಯರು ಬಂದು, ನೋಡಿ, ಸಹಿ ಹಾಕಿ ಹೋಗುವವರು. ಲೆಕ್ಕಕ್ಕೆ ಬರುತ್ತಿದ್ದುದು ಅಧ್ಯಕ್ಷರು ಮಾತ್ರ. ಅವರು ನಿವೃತ್ತ ನ್ಯಾಯಾಧೀಶರು, ಮನೆ ಆರ್.ಟಿ. ನಗರದಲ್ಲಿ. ಮನುಷ್ಯ ಎಷ್ಟು ಕಟ್ಟುನಿಟ್ಟು ಅಂದರೆ ಕ್ಯಾಂಪಿನವರು ಕೊಟ್ಟ ಟೀ ಕೂಡ ಮುಟ್ಟುತ್ತಿರಲಿಲ್ಲ. ಮನೆಯಿಂದ ಫ್ಲಾಸ್ಕ್ ತರುತ್ತಿದ್ದರು. ಹಸಿರು ಇಂಕಿನ ಪೆನ್ನು, ಮಡಚಿದ ಕರ್ಚೀಫು, ಯಾರಿಗೂ ಏಕವಚನವಿಲ್ಲ. ನನಗೆ ಅವರ ಮೇಲೆ ದೇವರ ಮೇಲಿನಷ್ಟು ನಂಬಿಕೆ. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಮೊದಲ ಭೇಟಿಯಲ್ಲೇ ನನಗೆ ವಾಸನೆ ಹೊಡೆಯಿತು, ಸುಣ್ಣದ ವಾಸನೆ. ನಿಯಮದ ಪ್ರಕಾರ ಏಳು ದಿನ ಮುಂಚೆ ಕ್ಯಾಂಪಿಗೆ ನೋಟೀಸು ಕಳಿಸಬೇಕಿತ್ತು. ನೋಟೀಸು ಟೈಪ್ ಮಾಡಿದವಳೂ ನಾನೇ. ಹೋಗಿ ನೋಡಿದರೆ ಗೋಡೆಗೆ ಹೊಸ ಸುಣ್ಣ, ಬಾಗಿಲ ಪಕ್ಕ ಸಾಲಾಗಿ ಹೊಸ ಬಕೆಟ್ಟುಗಳು. ಹಿಡಿಗೆ ಅಂಗಡಿಯವನು ಕಟ್ಟಿದ ದಾರ ಇನ್ನೂ ಹಾಗೇ ಇತ್ತು. ಕ್ಯಾಂಪಿನ ಸೂಪರಿಂಟೆಂಡೆಂಟ್ ಸಮಿತಿಯ ಪಕ್ಕದಲ್ಲೇ ನಡೆಯುತ್ತ, ಒಬ್ಬೊಬ್ಬರನ್ನೂ ತೋರಿಸಿ ಇವರಿಗೇನೂ ತೊಂದರೆಯಿಲ್ಲ ಸಾರ್ ಅನ್ನುವುದು. ಅಧ್ಯಕ್ಷರು ಇಂಗ್ಲಿಷಿನಲ್ಲಿ ಏನಾದರೂ ಕಷ್ಟವಿದೆಯೇ ಎಂದು ಕೇಳುವುದು. ಅವರು ಸೂಪರಿಂಟೆಂಡೆಂಟ್ ಮುಖ ನೋಡಿ ಇಲ್ಲ ಅಂತ ತಲೆಯಾಡಿಸುವುದು. ನಾನು "ದೂರುಗಳಿಲ್ಲ" ಎಂದು ಬರೆದುಕೊಳ್ಳುವುದು.

ಒಬ್ಬ ಮಾತ್ರ ತಲೆಯಾಡಿಸಲಿಲ್ಲ. ಪೂರ್ವ ಆಫ್ರಿಕಾದ ಕಡೆಯ ವಿದ್ಯಾರ್ಥಿ, ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿರಬಹುದು. ಸಮಿತಿಯವರು ಮುಂದೆ ಹೋದ ಮೇಲೆ ನನ್ನ ಕೈಯಲ್ಲಿದ್ದ ಶಾರ್ಟ್‌ಹ್ಯಾಂಡ್ ಪುಸ್ತಕ ನೋಡಿ, "ಏನಕ್ಕಾ, ಕೋಳಿ ಕೆರೆದಂಗೈತೆ. ನಿಮ್ಗೇ ಓದೋಕ್ ಬರ್ತದಾ?" ಅಂದ.

ನಾನು ಬೆಚ್ಚಿಬಿದ್ದೆ. ಅಪ್ಪಟ ಬೆಂಗಳೂರು ಕನ್ನಡ, ನನಗಿಂತ ಚೆನ್ನಾಗಿ. ನಾನು ಅವನಿಗೆ ಉತ್ತರ ಕೊಟ್ಟಾಗ, "ಓ, ನೀವು ಹುಬ್ಳಿ ಕಡೆಯೋರು. ಹೊರಗಿನೋರು" ಅಂತ ನಕ್ಕ. ಹೆಬ್ಬಾಳದ ಹತ್ತಿರ ಒಂದು ಮನೆಯ ಮಹಡಿಯಲ್ಲಿ ನಾಲ್ಕು ವರ್ಷ ರೂಮು ಮಾಡಿಕೊಂಡಿದ್ದನಂತೆ. ಮನೆಯಾಕೆಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಆಕೆಯ ಮಗಳು ಎರಡನೇ ಕ್ಲಾಸಿನ ಕಾಪಿ ಬರೆಯುವಾಗ ಇವನೂ ಪಕ್ಕದಲ್ಲಿ ಕೂತು ಅಕ್ಷರ ಕಲಿತಿದ್ದ. ಬಿ.ಕಾಂ.ನಲ್ಲಿ ಒಂದೇ ಒಂದು ಪೇಪರ್ ಉಳಿದಿತ್ತು. ಅಷ್ಟರಲ್ಲಿ ಅವನ ದೇಶದಲ್ಲಿ ಸರ್ಕಾರ ಉರುಳಿತು, ಬರುತ್ತಿದ್ದ ವಿದ್ಯಾರ್ಥಿವೇತನ ನಿಂತಿತು, ಅದು ನಿಂತದ್ದಕ್ಕೆ ವೀಸಾ ಮುಂದುವರಿಯಲಿಲ್ಲ. ಪೊಲೀಸರು ಕರೆತಂದು ಇಲ್ಲಿ ಬಿಟ್ಟರು.

ಅವನಿಗಿದ್ದದ್ದು ಒಂದೇ ದಾರಿ. ಕಾಲೇಜಿನವರು ಒಂದು ಪತ್ರ ಕೊಟ್ಟಿದ್ದರು, ಆ ಪತ್ರದ ಮೇಲೆ ಬೆಂಗಳೂರಿನಲ್ಲೇ ವೀಸಾ ಬಗ್ಗೆ ಒಂದು ವಿಚಾರಣೆ ನಡೆಯಬೇಕಿತ್ತು. ಅಲ್ಲಿಯ ತನಕ ಅವನು ಈ ಕ್ಯಾಂಪಿನಲ್ಲೇ ಇರಬೇಕು. ಬೇರೆ ರಾಜ್ಯದ ಕ್ಯಾಂಪಿಗೆ ಹೋದರೆ ಫೈಲೂ ಅಲ್ಲಿಗೆ ಹೋಗಿ ಮತ್ತೆ ಮೊದಲಿನಿಂದ. ಪರೀಕ್ಷೆ ತಪ್ಪಿದರೆ ವಿದ್ಯಾರ್ಥಿಯೇ ಅಲ್ಲ, ಆಮೇಲೆ ಯಾವ ಪತ್ರವೂ ನಡೆಯುವುದಿಲ್ಲ. ಇದನ್ನೆಲ್ಲ ಅವನು ನಗುತ್ತಲೇ ಹೇಳಿದ. ನಗು ಕಣ್ಣಿನ ತನಕ ಹೋಗಲಿಲ್ಲ.

ವಾಪಸ್ ಬರುವಾಗ ಜೀಪಿನಲ್ಲಿ ನಾನು ಅಧ್ಯಕ್ಷರಿಗೆ ಹೇಳಿದೆ. ಸೂಪರಿಂಟೆಂಡೆಂಟ್ ಎದುರಿಗೆ ಯಾರು ಸಾರ್ ಬಾಯಿ ಬಿಡುತ್ತಾರೆ ಅಂತ. ಬೆರಳಚ್ಚುಗಾರ್ತಿ ಇಂಥದ್ದೆಲ್ಲ ಹೇಳುವ ಹಾಗಿಲ್ಲ, ಹೇಳಿಬಿಟ್ಟೆ. ಹೆಬ್ಬಾಳ ಕೆರೆಯ ಹತ್ತಿರ ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಕುಡಿದರು. ಆಮೇಲೆ, "ಸರಿಯಮ್ಮ. ಒಂದು ದೂರು ಪೆಟ್ಟಿಗೆ ಇಡೋಣ. ಬೀಗದ ಕೈ ನಿಮ್ಮ ಹತ್ರ ಇರಲಿ" ಅಂದರು. ನನಗೆ ಆ ದಿನ ನೆಲ ಕಾಲಿಗೆ ತಾಗಲಿಲ್ಲ.

ಪೆಟ್ಟಿಗೆ ಬಂತು. ಅಂಚೆ ಡಬ್ಬಿಯಂತೆ ಕೆಂಪು ಬಣ್ಣ, ಒಂದೇ ಬೀಗ, ಒಂದೇ ಕೈ. ಅದಕ್ಕೊಂದು ವಿಧಾನವನ್ನೂ ಅಧ್ಯಕ್ಷರೇ ಬರೆದರು. ಪ್ರತಿ ಭೇಟಿಯ ದಿನ ನಾನು ಪೆಟ್ಟಿಗೆ ತೆರೆಯಬೇಕು. ಸಂದರ್ಶಕರ ಪುಸ್ತಕದಲ್ಲಿ ನನ್ನ ಕೈಯಲ್ಲೇ ದೃಢೀಕರಣ ಬರೆಯಬೇಕು: ಪೆಟ್ಟಿಗೆಯನ್ನು ಈ ದಿನ ನಾನು ತೆರೆದೆನು, ಇಂತಿಷ್ಟು ಚೀಟಿಗಳಿದ್ದವು, ಸಹಿ. ಆ ಪುಸ್ತಕ ಹೊಲಿಗೆ ಹಾಕಿದ ದಪ್ಪ ಪುಸ್ತಕ. ಪ್ರತಿ ಹಾಳೆಗೂ ನಂಬರು, ಒಟ್ಟು ಎಷ್ಟು ಹಾಳೆ ಅಂತ ಮೊದಲ ಪುಟದಲ್ಲೇ ಮೊಹರು. ಒಂದು ಹಾಳೆ ಹರಿದರೂ ಗೊತ್ತಾಗುತ್ತದೆ. ಈ ಪುಸ್ತಕ ನೆನಪಿರಲಿ.

ಪೆಟ್ಟಿಗೆ ನೇತುಹಾಕಲು ನಾನೊಬ್ಬಳೇ ಬಸ್ಸಿನಲ್ಲಿ ಹೋಗಿದ್ದೆ. ಸೂಪರಿಂಟೆಂಡೆಂಟ್ ಊಟಕ್ಕೆ ಹೋಗಿದ್ದರು. ವಿದ್ಯಾರ್ಥಿ ಪೆಟ್ಟಿಗೆ ನೋಡಿ, ಬರೆಯೋಕೆ ಇಲ್ಲಿ ಪೆನ್ನೂ ಇಲ್ಲ ಪೇಪರೂ ಇಲ್ಲ ಅಂದ. ನನ್ನ ಶಾರ್ಟ್‌ಹ್ಯಾಂಡ್ ಪುಸ್ತಕದಿಂದ ಹಾಳೆಗಳನ್ನು ಕಿತ್ತುಕೊಟ್ಟೆ, ಪೆನ್ನೂ ಕೊಟ್ಟೆ. ಎಲ್ಲರೂ ಅವರವರ ಭಾಷೆಯಲ್ಲಿ ಬರೆಯಬಹುದಾ ಅಂತ ಕೇಳಿದ. ಇಲ್ಲಿಂದ ಮುಂದಿನದು ನನ್ನ ತಪ್ಪು, ಬಿಡಿಸಿಯೇ ಹೇಳುತ್ತೇನೆ.

ಬೇರೆ ಭಾಷೆಯ ಕಾಗದ ಬಂದರೆ ಅನುವಾದಕ್ಕೆ ಹೋಗಬೇಕು. ಅನುವಾದದ ವಿಭಾಗಕ್ಕೆ ಹೋದ ಕಾಗದ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಆಗ ಕಚೇರಿಗಳಲ್ಲೆಲ್ಲ ಕನ್ನಡದಲ್ಲೇ ವ್ಯವಹಾರ ಆಗಬೇಕೆಂದು ಸುತ್ತೋಲೆ ಮೇಲೆ ಸುತ್ತೋಲೆ. ಕನ್ನಡದ ಅರ್ಜಿ ಬಂದರೆ ಅದೇ ದಿನ ನಂಬರು ಬೀಳುತ್ತಿತ್ತು. ಹಾಗಾಗಿ, ಅವರೆಲ್ಲ ಹೇಳಲಿ, ನೀನು ಕನ್ನಡದಲ್ಲಿ ಬರೆದುಹಾಕು, ಫೈಲು ಓಡುತ್ತದೆ ಎಂದೆ. ಮೇಲೆ ಎಡಗಡೆ ಇವರಿಗೆ, ಕೆಳಗೆ ಮಾನ್ಯರೆ, ವಿಷಯ, ಹೀಗೆ ಅರ್ಜಿಯ ರೀತಿಯನ್ನೂ ಹೇಳಿಕೊಟ್ಟೆ. ಹೆಸರು ಬೇಡ, ಮಂಚದ ನಂಬರು ಮಾತ್ರ ಹಾಕು ಎಂದೆ. ನನ್ನ ಮಟ್ಟಿಗೆ ಅದು ಬಹಳ ಬುದ್ಧಿವಂತಿಕೆ.

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಕೇಳಿದ: "ಅಕ್ಕಾ, ನನ್ನ ವಿಚಾರಣೆಗೆ ಇನ್ನೂ ನಾಲ್ಕು ತಿಂಗಳೈತೆ. ಅಷ್ಟ್ರಲ್ಲಿ ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಮೂಟೆ ಕಟ್ತಾರೆ. ಗೊತ್ತಾಗಲ್ವಾ?"

"ಗೊತ್ತಾಗಂಗಿಲ್ಲ. ಕೀಲಿಕೈ ನನ್ನ ಕಡೆ ಐತಿ" ಅಂದೆ.

ಮರುದಿನವೇ ಅಧ್ಯಕ್ಷರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ಚೀಟಿಗಳು ಸಮಿತಿಯ ಆಚೆ ಹೋಗುವುದಿಲ್ಲ, ಇದು ನನ್ನ ಮಾತು ಅಂದರು.

ಎರಡನೇ ಭೇಟಿಯ ದಿನ ಪೆಟ್ಟಿಗೆ ತೆರೆದರೆ ಹನ್ನೊಂದು ಚೀಟಿ. ಎಲ್ಲವೂ ನನ್ನ ಗೆರೆ ಹಾಳೆಗಳೇ. ಎಲ್ಲದರಲ್ಲೂ ಅದೇ ದುಂಡು ಅಕ್ಷರ, ಎರಡನೇ ಕ್ಲಾಸಿನ ಮಕ್ಕಳು ಕಾಪಿ ಬರೆದಂತೆ, ಒತ್ತಕ್ಷರಗಳನ್ನು ನಿಧಾನವಾಗಿ ಒತ್ತಿ ಬರೆದದ್ದು. ಮಾನ್ಯರೆ, ನಮ್ಮ ಕೋಣೆಯಲ್ಲಿ ಹನ್ನೊಂದು ಜನ. ಸಾಯಂಕಾಲ ಆರು ಗಂಟೆಗೆ ಬೀಗ ಹಾಕುತ್ತಾರೆ, ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಒಳಗೆ ಎಲ್ಲದಕ್ಕೂ ಒಂದೇ ಬಕೆಟ್. ಹೊಸ ಬಕೆಟ್ಟುಗಳು ತಾವು ಹೋದ ದಿನವೇ ಸ್ಟೋರಿಗೆ ಹೋದವು. ಇನ್ನೊಂದರಲ್ಲಿ, ಏಳನೇ ಮಂಚದ ಮುದುಕ ಹಡಗಿನವನು, ಕಾಲು ಊದಿ ಚಪ್ಪಲಿ ಹಿಡಿಸುವುದಿಲ್ಲ, ಎಲ್ಲ ರೋಗಕ್ಕೂ ಒಂದೇ ಬಿಳಿ ಮಾತ್ರೆ. ಮತ್ತೊಂದರಲ್ಲಿ, ನಾವು ಬರೆದ ಪತ್ರಗಳು ಆಫೀಸಿನ ಕಪಾಟಿನಲ್ಲೇ ಇವೆ, ಕಸ ಗುಡಿಸುವಾಗ ನೋಡಿದೆವು. ಅವನ ಸ್ವಂತ ಕಷ್ಟ ಯಾವುದರಲ್ಲೂ ಇರಲಿಲ್ಲ. ಹನ್ನೊಂದನೆಯ ಮಂಚ ಅವನದು, ಆ ಚೀಟಿಯಲ್ಲೂ ಪಕ್ಕದ ಮಂಚದವನ ಕೆಮ್ಮಿನ ಬಗ್ಗೆ ಬರೆದಿದ್ದ.

ನಾನು ಕೂತು ಸಾರಾಂಶ ಟೈಪ್ ಮಾಡಿದೆ. ಮಂಚದ ನಂಬರನ್ನೂ ತೆಗೆದುಹಾಕಿ, ನೀರು, ಬೀಗ, ವೈದ್ಯ, ಅಂಚೆ ಅಂತ ನಾಲ್ಕು ತಲೆಬರಹ ಮಾತ್ರ. ಕಾರ್ಬನ್ ಇಟ್ಟು ಮೂರು ಪ್ರತಿ. ಅಧ್ಯಕ್ಷರು ಹಸಿರು ಇಂಕಿನಲ್ಲಿ ಸಹಿ ಹಾಕಿದರು. ಮೇಲಿನ ಕಚೇರಿಗೆ ಕಳಿಸಿದೆ. ಹತ್ತು ದಿನಕ್ಕೆ ವಾಪಸ್ ಬಂತು. ಮೂಲ ಅರ್ಜಿಗಳನ್ನು ಲಗತ್ತಿಸಿರುವುದಿಲ್ಲ, ಲಗತ್ತಿಸಿ ಮರುಸಲ್ಲಿಸಿ ಅಂತ ಷರಾ. ಸಾರಾಂಶವನ್ನು ಯಾರು ಬೇಕಾದರೂ ಬರೆಯಬಹುದಲ್ಲ, ಮೂಲ ಕಾಗದವಿಲ್ಲದೆ ಫೈಲು ಅಲ್ಲಾಡುವುದಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದೆ. ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಮೇಲೆ ರಹಸ್ಯ ಅಂತ ಬರೆದು ಕಳಿಸಿ ಅಂದರು. ಹಾಗೇ ಮಾಡಿದೆ. ಅರಗು ಕರಗಿಸುವಾಗ ಬೆರಳು ಸುಟ್ಟುಕೊಂಡಿದ್ದೂ ನೆನಪಿದೆ.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮನೆಯ ಮುಂದೆ ಕ್ಯಾಂಪಿನ ಕಾವಲುಗಾರ ನಿಂತಿದ್ದ. ಕ್ಯಾಂಪಿನ ಪಕ್ಕದ ಹಳ್ಳಿಯವನು, ಜಮೀನಿದ್ದವನು. ಆಲೂಗಡ್ಡೆ ಮೂಟೆ ಹಾಕಿಕೊಂಡು ಯಶವಂತಪುರದ ಮಾರುಕಟ್ಟೆಗೆ ಬಂದಾಗಲೆಲ್ಲ ಅಮ್ಮನಿಗೆ ಒಂದು ಕಟ್ಟು ಸೊಪ್ಪು ಕೊಟ್ಟುಹೋಗುತ್ತಿದ್ದ. ಆ ದಿನ ಸೊಪ್ಪು ಇರಲಿಲ್ಲ. ಒಳಗೂ ಬರಲಿಲ್ಲ.

"ಆ ಕನ್ನಡದ ಉಡುಗುನ್ನ ಇವತ್ತು ಅತ್ತು ಗಂಟೆ ರೈಲ್ಗೆ ಅತ್ತಿಸ್ತವ್ರೆ ಕಣಮ್ಮ. ಉತ್ತರದ ಕಡೆ ಯಾವ್ದೋ ಕ್ಯಾಂಪಂತೆ. ನಾನ್ ಏಳ್ದೆ ಅಂತ ಏಳ್ಬ್ಯಾಡಿ" ಅಂದ.

ಯಾಕೆ ಅಂತ ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಹಿಂದಿನ ವಾರ ಟಪ್ಪಾಲಿನಲ್ಲಿ ಒಂದು ಫೈಲು ಬಂತಂತೆ. ಸೂಪರಿಂಟೆಂಡೆಂಟ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಚೀಟಿಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಬರಹ ಎಷ್ಟು ಮುದ್ದಾಗಿದೆ, ಯಾವ ಮೇಷ್ಟ್ರ ಹತ್ತಿರ ಕಲಿತಿರಿ ಎಲ್ಲರೂ, ನನ್ನ ಮಗಳಿಗೂ ಸ್ವಲ್ಪ ಹೇಳಿಕೊಡಿ ಅಂದರಂತೆ. ಯಾರೂ ಹೆಸರು ಹೇಳಲಿಲ್ಲವಂತೆ. ಹೇಳುವ ಅಗತ್ಯವೂ ಇರಲಿಲ್ಲ.

ಆಗ ನನಗೆ ಹೊಳೆಯಿತು. ಆ ಇಡೀ ಕ್ಯಾಂಪಿನ ನಿವಾಸಿಗಳಲ್ಲಿ ಕನ್ನಡ ಬರೆಯಲು ಬರುತ್ತಿದ್ದುದು ಅವನೊಬ್ಬನಿಗೇ. ಹೆಸರು ತೆಗೆಸಿದೆ, ಸಾರಾಂಶದಲ್ಲಿ ನಂಬರೂ ತೆಗೆದೆ, ಭಾಷೆಯನ್ನು ಮರೆತೆ. ದಿನಾ ಬೆಳಗಾದರೆ ಕನ್ನಡದ ಕಾಗದವನ್ನೇ ನೋಡುತ್ತಿದ್ದವಳಿಗೆ ಕನ್ನಡ ಒಂದು ಗುರುತು ಅಂತ ಅನ್ನಿಸಲೇ ಇಲ್ಲ.

ಸ್ಟೇಷನ್ನು ನಮ್ಮ ಮನೆಯಿಂದ ಐದು ನಿಮಿಷ. ಚಪ್ಪಲಿ ಹಾಕಿಕೊಂಡು ಓಡಿದೆ. ಅವನು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತಿದ್ದ. ಕೋಳ ಹಾಕಿರಲಿಲ್ಲ. ಇಬ್ಬರು ಪೊಲೀಸಿನವರು ಅವನ ಟ್ರಂಕಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ನಾನು ಕಚೇರಿಯವಳು ಅಂತ ಹೇಳಿದ ಮೇಲೆ ಎರಡು ನಿಮಿಷ ಮಾತಾಡಿ ಅಂದರು. ಅವನು ನನಗೆ ನಮಸ್ಕಾರ ಮಾಡಿದ. ಯಾವತ್ತೂ ಮಾಡಿರಲಿಲ್ಲ.

"ಅಕ್ಕಾ, ಬೀಗದ ಕೈ ಎಷ್ಟಿತ್ತು?"

"ಒಂದೇ."

"ಯಾರತ್ರ ಇತ್ತು?"

"ನನ್ನ ಕಡೆ."

ಅಷ್ಟು ಕೇಳಿ ಅವನು ಹಳಿಯ ಕಡೆ ನೋಡತೊಡಗಿದ. ನಾನು ಹೇಳಲು ಹೊರಟೆ. ಸಾರಾಂಶ, ಷರಾ, ಮೂಲ ಅರ್ಜಿ, ಅರಗಿನ ಮುದ್ರೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಅವನು ಕೊನೆಯ ತನಕ ಕೇಳಿಸಿಕೊಂಡ, ಲೆಕ್ಕಪತ್ರ ಓದಿದವನಲ್ಲವೇ, ಒಂದೊಂದೇ ಹೆಜ್ಜೆ ಹಿಡಿದು ಕೇಳಿಸಿಕೊಂಡ. ಆಮೇಲೆ ಹೇಳಿದ: "ಅಂದ್ರೆ ಯಾರೂ ಕೊಟ್ಟಿಲ್ಲ. ಆದ್ರೂ ಅವ್ರ ಕೈಗೆ ಸಿಕ್ತು."

ರೈಲು ಬಂತು. ಹತ್ತುವ ಮೊದಲು ಜೇಬಿನಿಂದ ನನ್ನ ಪೆನ್ನು ತೆಗೆದು ನನಗೆ ಕೊಟ್ಟ. ಇಟ್ಟುಕೋ ಅಂದೆ. ಬೇಡ ಅಂದ. ವಿಚಾರಣೆಗೆ ಇನ್ನು ಹದಿನೇಳು ದಿನ ಇತ್ತು.

ಅಲ್ಲಿಂದ ಸೀದಾ ಮೇಲಿನ ಕಚೇರಿಗೆ ಹೋದೆ. ಸಮಿತಿಯ ಕೆಲಸ ಅಂತ ಹೇಳಿ ಫೈಲು ತೆಗೆಸಿದೆ. ಟಿಪ್ಪಣಿ ಹಾಳೆಯಲ್ಲಿ ಎಲ್ಲವೂ ಇತ್ತು, ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಗುಮಾಸ್ತ ಬರೆದಿದ್ದ: ದೂರುಗಳು ಸೂಪರಿಂಟೆಂಡೆಂಟರ ವಿರುದ್ಧ ಇರುವುದರಿಂದ ಅವರ ವರದಿ ಪಡೆಯಬೇಕಿದೆ, ಅರ್ಜಿಗಳನ್ನು ಮೂಲದಲ್ಲೇ ಕಳುಹಿಸಿ, ವರದಿಯೊಂದಿಗೆ ಹಿಂದಿರುಗಿಸಲು ಕೋರಬಹುದು, ಸಮಿತಿಯ ಅಧ್ಯಕ್ಷರ ಅಭಿಪ್ರಾಯಕ್ಕೆ. ಅದರ ಕೆಳಗೆ ಹಸಿರು ಇಂಕಿನಲ್ಲಿ ಒಂದು ಪದ: ಆಗಬಹುದು. ಅದರ ಕೆಳಗೆ ಇನಿಷಿಯಲ್ಲು.

ಆ ಇನಿಷಿಯಲ್ಲು ನನಗೆ ಗೊತ್ತಿಲ್ಲದ್ದೇ? ಎಷ್ಟು ಕಾಗದದ ಮೇಲೆ ಹಾಕಿಸಿಕೊಂಡಿದ್ದೆ. ಆದರೂ ಬೆರಳಿಟ್ಟು ನೋಡಿದೆ.

ಸಂಜೆ ಆರ್.ಟಿ. ನಗರದ ಅವರ ಮನೆಗೆ ಹೋದೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಕಾಫಿ ತಂದುಕೊಟ್ಟರು. ನಾನು ಕುಡಿದೆ. ಕ್ಯಾಂಪಿನಲ್ಲಿ ಇವರು ಟೀ ಮುಟ್ಟುತ್ತಿರಲಿಲ್ಲ, ನಾನು ಇವರ ಮನೆಯ ಕಾಫಿ ಕುಡಿದೆ.

ವಿಷಯ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಮುಜುಗರವನ್ನೂ ಪಡಲಿಲ್ಲ. ನನಗೆ ಪಾಠ ಹೇಳುವವರಂತೆ ಕನ್ನಡಕ ತೆಗೆದು ಒರೆಸಿದರು.

"ನೋಡಿಯಮ್ಮ, ಒಬ್ಬರ ಮೇಲೆ ಆರೋಪ ಬಂದರೆ ಆ ಆರೋಪ ಅವರಿಗೆ ತೋರಿಸ್ಬೇಕು. ಅವರ ಉತ್ತರ ಕೇಳ್ದೆ ನಾನು ಹೇಗೆ ಅವರ ವಿರುದ್ಧ ಬರೀಲಿ? ಮೂವತ್ತು ವರ್ಷ ಹಾಗೇ ನಡ್ಕೊಂಡು ಬಂದಿದ್ದೀನಿ. ಇದು ಕ್ರಮ."

"ನೀವು ಮಾತು ಕೊಟ್ಟಿದ್ರಿ ಸರ್."

"ಸಮಿತಿ ಆಚೆ ಹೋಗಲ್ಲ ಅಂದಿದ್ದೆ. ಇದು ಅಧಿಕೃತ ಪತ್ರವ್ಯವಹಾರ. ಬೀದಿಗೆ ಹೋಗ್ಲಿಲ್ವಲ್ಲ."

ನನಗೆ ಅರ್ಥವಾದದ್ದು ಅಲ್ಲಿ. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಬಯ್ದು ಎದ್ದು ಬರಬಹುದಿತ್ತು. ಕೋರ್ಟಿನಲ್ಲಿ ಆರೋಪಿ ಕಟಕಟೆಯಲ್ಲಿ ನಿಂತಿರುತ್ತಾನೆ, ದೂರು ಕೊಟ್ಟವನು ಸಾಯಂಕಾಲ ತನ್ನ ಮನೆಗೆ ಹೋಗುತ್ತಾನೆ. ಇಲ್ಲಿ ಸಾಯಂಕಾಲ ಆರಕ್ಕೆ ಆರೋಪಿಯೇ ದೂರು ಕೊಟ್ಟವನನ್ನು ಒಳಗೆ ಹಾಕಿ ಬೀಗ ಜಡಿಯುತ್ತಾನೆ. ಇಷ್ಟು ಸಣ್ಣ ವ್ಯತ್ಯಾಸ ಮೂವತ್ತು ವರ್ಷ ನ್ಯಾಯ ಹೇಳಿದವರಿಗೆ ಕಾಣಲಿಲ್ಲ. ನಾನು ಅದನ್ನೇ ಹೇಳಿದೆ, ಇಷ್ಟು ಚೆನ್ನಾಗಲ್ಲ, ತಡವರಿಸುತ್ತ. ಅವರು ಕನ್ನಡಕ ಹಾಕಿಕೊಂಡು, ವಿಚಾರ ಮಾಡೋಣ ಅಂದರು. ವಿಚಾರಣೆಯ ತನಕ ಅವನನ್ನು ವಾಪಸ್ ಕರೆಸಲು ಒಂದು ಪತ್ರ ಬರೆಯಿರಿ ಎಂದು ಬೇಡಿಕೊಂಡೆ. ವರ್ಗಾವಣೆ ನಮ್ಮ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂದರು. ನಾನೇ ಕಾಲೇಜಿಗೆ ಹೋಗಿ ಹೇಳಿದೆ. ಅವರು ಪಾಪ ಒಂದು ತಂತಿ ಕಳಿಸಿದರು. ವಿಚಾರಣೆಯ ದಿನ ಅರ್ಜಿದಾರ ಗೈರುಹಾಜರು ಅಂತ ಫೈಲು ಮುಚ್ಚಿದರು.

ಮೂರನೇ ಭೇಟಿ ಬಂತು. ಏಳು ದಿನ ಮುಂಚೆ ನೋಟೀಸು, ನಾನೇ ಟೈಪ್ ಮಾಡಿದ್ದು. ಕ್ಯಾಂಪಿಗೆ ಹೋದರೆ ಮತ್ತದೇ ಸುಣ್ಣ. ಒಂದು ಮಾತು ನ್ಯಾಯವಾಗಿ ಹೇಳಬೇಕು, ಕೋಣೆಯೊಳಗೆ ಬಕೆಟ್ಟುಗಳು ಮೂರಾಗಿದ್ದವು, ಈ ಸಲ ಬಳಸಿದ ಬಕೆಟ್ಟುಗಳೇ. ಹಡಗಿನ ಮುದುಕನನ್ನು ಆಸ್ಪತ್ರೆಗೆ ಸೇರಿಸಿದ್ದರು. ಸೂಪರಿಂಟೆಂಡೆಂಟರ ವರದಿಯಲ್ಲಿ ಅದೆಲ್ಲ ಸಾಲು ಸಾಲಾಗಿ ಇತ್ತು, ಕೊನೆಯ ಸಾಲಿನಲ್ಲಿ, ಒಬ್ಬ ನಿವಾಸಿಯನ್ನು ಆಡಳಿತಾತ್ಮಕ ಕಾರಣಗಳಿಗಾಗಿ ವರ್ಗಾಯಿಸಲಾಗಿದೆ. ಅವನ ಚೀಟಿಗಳು ಕೆಲಸ ಮಾಡಿದ್ದವು. ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ.

ಪೆಟ್ಟಿಗೆ ತೆರೆದೆ. ಖಾಲಿ. ಒಂದು ಜೇಡ ಬಲೆ ಕಟ್ಟಿತ್ತು. ಸೂಪರಿಂಟೆಂಡೆಂಟ್ ಬಗ್ಗಿ ನೋಡಿ, "ಏನಮ್ಮಾ, ಈ ಸಲ ಯಾರಿಗೂ ಅರ್ಜಿ ಹೇಳ್ಕೊಡ್ಲಿಲ್ವಾ?" ಅಂದರು, ಎಲ್ಲರಿಗೂ ಕೇಳುವ ಹಾಗೆ. ಗೋಡೆಗೆ ಒರಗಿ ನಿಂತಿದ್ದವರು ನನ್ನನ್ನು ನೋಡಿದರು. ಚೀಟಿಗಳನ್ನು ನಾನೇ ಸೂಪರಿಂಟೆಂಡೆಂಟ್ ಕೈಗೆ ಕೊಟ್ಟೆ ಅಂತ ಅವರಿಗೆಲ್ಲ ಖಾತ್ರಿಯಾಗಿತ್ತು. ಅವರ ಭಾಷೆಯೂ ನನಗೆ ಬಾರದು, ಬರುತ್ತಿದ್ದವನನ್ನು ರೈಲು ಹತ್ತಿಸಿದ್ದರು.

ಆಫೀಸು ಕೋಣೆಯಲ್ಲಿ ಅಧ್ಯಕ್ಷರು ಹೇಳಿ ಬರೆಸಿದರು. ಪರಿಸ್ಥಿತಿ ಗಣನೀಯವಾಗಿ ಸುಧಾರಿಸಿದೆ. ಪೆಟ್ಟಿಗೆಯಲ್ಲಿ ಯಾವುದೇ ದೂರು ಇರುವುದಿಲ್ಲ. ನಿವಾಸಿಗಳು ತೃಪ್ತರಾಗಿರುವಂತೆ ಕಂಡುಬರುತ್ತದೆ. ಆಮೇಲೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು, ದೃಢೀಕರಣ ಬರೆಯಲು.

ಒಂದು ಸಾಲಿನ ಕೆಲಸ. ಪೆಟ್ಟಿಗೆಯನ್ನು ಈ ದಿನ ನಾನು ತೆರೆದೆನು, ಶೂನ್ಯ ಚೀಟಿಗಳಿದ್ದವು. ಅಷ್ಟು ಬರೆದೆ. ಅದು ಸುಳ್ಳೂ ಅಲ್ಲ. ಸಹಿ ಹಾಕಬೇಕು. ಅವನು ವಾಪಸ್ ಕೊಟ್ಟ ಪೆನ್ನೇ ಕೈಯಲ್ಲಿತ್ತು. ಸಹಿ ಹಾಕಿದರೆ ಆ ಶೂನ್ಯ ನನ್ನ ಹೆಸರಿನಲ್ಲಿ ನಿಲ್ಲುತ್ತಿತ್ತು.

ಸಹಿ ಹಾಕುವ ಬದಲು ಮುಂದುವರಿಸಿದೆ. ಕಳೆದ ಭೇಟಿಯಲ್ಲಿ ಹನ್ನೊಂದು ಚೀಟಿಗಳಿದ್ದವು. ಅವುಗಳನ್ನು ಯಾರ ವಿರುದ್ಧ ಬರೆಯಲಾಗಿತ್ತೋ ಅವರಿಗೇ ಮೂಲದಲ್ಲಿ ಕಳುಹಿಸಲಾಯಿತು. ಬರೆದವನನ್ನು ವಿಚಾರಣೆಗೆ ಹದಿನೇಳು ದಿನ ಮುಂಚೆ ಇಲ್ಲಿಂದ ಸಾಗಿಸಲಾಯಿತು. ಅವನಿಗೆ ಕನ್ನಡದಲ್ಲಿ ಬರೆಯಲು ಹೇಳಿದವಳು, ಹಾಳೆ ಕೊಟ್ಟವಳು, ಹೆಸರು ಹೊರಬರುವುದಿಲ್ಲವೆಂದು ಮಾತು ಕೊಟ್ಟವಳು ನಾನು. ಪೆಟ್ಟಿಗೆ ಖಾಲಿ ಇರುವುದಕ್ಕೆ ಕಾರಣ ತೃಪ್ತಿಯಲ್ಲ.

ಇಷ್ಟು ಬರೆದು ಸಹಿ, ತಾರೀಕು. ಪೂರ್ತಿ ಹೆಸರು ಹಾಕಿದೆ.

ಅಧ್ಯಕ್ಷರು ಓದಿದರು. ಬಹಳ ಹೊತ್ತು ಓದಿದರು. ಸೂಪರಿಂಟೆಂಡೆಂಟ್ ಕತ್ತು ಚಾಚಿ, ಆ ಹಾಳೆ ತೆಗೆದುಬಿಡಿ ಸಾರ್, ಹೆಣ್ಣುಮಗಳು ಏನೋ ಬರೆದಿದ್ದಾಳೆ ಅಂದರು. ಅಧ್ಯಕ್ಷರು ಪುಸ್ತಕದ ಮೊದಲ ಪುಟ ತಿರುಗಿಸಿ ಆ ಮೊಹರನ್ನು ತೋರಿಸಿದರು. ಹಾಳೆ ಹರಿಯುವುದು ಕ್ರಮವಲ್ಲವಲ್ಲ. ನನ್ನ ಬರಹದ ಕೆಳಗೆ ಹಸಿರು ಇಂಕಿನಲ್ಲಿ "ನೋಡಿದೆ" ಎಂದು ಬರೆದು ಇನಿಷಿಯಲ್ಲು ಹಾಕಿದರು. ಮತ್ತೇನೂ ಬರೆಯಲಿಲ್ಲ. ವಾಪಸ್ ಬರುವಾಗ ನಾನು ಯಲಹಂಕದಲ್ಲೇ ಜೀಪಿನಿಂದ ಇಳಿದು ಬಸ್ಸು ಹಿಡಿದೆ.

ಎರಡು ವಾರಕ್ಕೆ ನನ್ನನ್ನು ಹಳೆಯ ಕಚೇರಿಗೆ ವಾಪಸ್ ಕಳಿಸಿದರು. ಬೀಗದ ಕೈಯನ್ನು ರಸೀದಿ ಪಡೆದು ಒಪ್ಪಿಸಬೇಕೆಂದು ಆದೇಶ ಬಂತು, ಒಪ್ಪಿಸಿದೆ. ಆಮೇಲೆ ಕಾವಲುಗಾರ ಹೇಳಿದ, ಆ ಪುಸ್ತಕದಲ್ಲಿ ಇನ್ನೂ ಎಷ್ಟೋ ಖಾಲಿ ಹಾಳೆಗಳಿದ್ದರೂ ಹೊಸ ಪುಸ್ತಕ ಶುರು ಮಾಡಿದರಂತೆ. ಹಾಳೆ ಹರಿಯಲಿಲ್ಲ, ಪುಸ್ತಕವನ್ನೇ ಮುಚ್ಚಿದರು. ನನ್ನ ಹಾಳೆಯನ್ನು ಅಧ್ಯಕ್ಷರಲ್ಲದೆ ಬೇರೆ ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ.

ಅವನು ಏನಾದ, ಅದೂ ಗೊತ್ತಿಲ್ಲ. ಆ ಉತ್ತರದ ಕ್ಯಾಂಪಿಗೆ ಎರಡು ಪತ್ರ ಬರೆದೆ, ಕನ್ನಡದಲ್ಲಲ್ಲ, ಇಂಗ್ಲಿಷಿನಲ್ಲಿ. ಅಷ್ಟು ಬುದ್ಧಿ ಬಂದಿತ್ತು. ಉತ್ತರ ಬರಲಿಲ್ಲ. ಅಲ್ಲಿಯ ಕಪಾಟಿನಲ್ಲೇ ಉಳಿದಿರಬಹುದು. ತಲುಪಿಯೂ ಅವನು ಬರೆಯದೆ ಇದ್ದಿರಬಹುದು. ಅವನ ಜಾಗದಲ್ಲಿ ನಾನಿದ್ದರೆ ನಾನೂ ಬರೆಯುತ್ತಿರಲಿಲ್ಲ. ಈಗ ಎಲ್ಲೋ ಅರವತ್ತರ ಆಸುಪಾಸಿನಲ್ಲಿ ಇರುತ್ತಾನೆ. ಅವನ ಕಥೆಯಲ್ಲಿ ಕೀಲಿಕೈ ಇಟ್ಟುಕೊಂಡಿದ್ದ ಅಕ್ಕ ಏನು ಅಂತ ನನಗೆ ಗೊತ್ತು, ಮತ್ತು ಅದನ್ನು ಸುಳ್ಳು ಅನ್ನಲು ನಾನು ಕಣ್ಣಾರೆ ಕಂಡ ಒಂದು ಟಿಪ್ಪಣಿ ಹಾಳೆ ಬಿಟ್ಟರೆ ಬೇರೇನಿಲ್ಲ.

ಹಾಸ್ಟೆಲ್ಲು, ಅನಾಥಾಲಯ, ಆಸ್ಪತ್ರೆ, ಠಾಣೆ, ಕ್ಯಾಂಪು, ಬೀಗದ ಒಳಗಿದ್ದು ದೂರು ಬರೆದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಬೀಗದ ಹೊರಗೆ ನಿಂತು ಬರೆಸಿಕೊಂಡವರೂ ಇರುತ್ತೀರಿ. ಆಮೇಲೆ ಏನಾಯಿತು, ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ. ಆದರೆ ನಿಮ್ಮ ಹೆಸರು ಗುಟ್ಟಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ನೀವು ಯಾರ ಬಗ್ಗೆ ಬರೆಯುತ್ತೀರೋ ಅವರೂ ಇಲ್ಲಿ ಓದುತ್ತಾರೆ ಎಂದು ತಿಳಿದುಕೊಂಡೇ ಬರೆಯಿರಿ.